ಹೆಸರು ತಾನಾಗಿ ಬರಲಿ

ಓದಲು, ದುಡಿಯಲು ಪುಣೆಗೆ ಬಂದಿರುವ ನಮ್ಮ ತಮ್ಮ ತಂಗಿಯರೇ, ಕೀರ್ತಿ ಬೇಕೆನ್ನುವುದು ತಪ್ಪಲ್ಲ. ನಾಳೆ ಬೆಳಗಾಗುವುದರೊಳಗೆ ಬೇಕೆನ್ನುವ ನಿಮ್ಮ ಆತುರ ಕಂಡಾಗ ಮಾತ್ರ ನನ್ನಂಥ ಹಿರಿಯರಿಗೆ ಕಳವಳವಾಗುತ್ತದೆ.

ಈ ಊರಲ್ಲೇ ಬಾಳಿದ ಗಾಯಕ ಭೀಮಸೇನ ಜೋಶಿಯವರನ್ನು ನೆನೆಯಿರಿ. 1922ರಲ್ಲಿ ಹುಟ್ಟಿದ ಗದಗ ಸೀಮೆಯ ಹುಡುಗ. ಹನ್ನೊಂದರ ಹರೆಯದಲ್ಲಿ ಗುರುವನ್ನು ಅರಸಿ ಮನೆ ಬಿಟ್ಟರು. ಗ್ವಾಲಿಯರ್, ಜಲಂಧರ್ ಎಂದು ಅಲೆದವರಿಗೆ ಕೊನೆಗೆ ಗುರು ದೊರೆತದ್ದು ತಮ್ಮ ಊರಿಗೆ ಹತ್ತಿರದ ಕುಂದಗೋಳದಲ್ಲಿ. ಆ ಗುರು ಸವಾಯಿ ಗಂಧರ್ವರ ಮನೆ ಸೇರಿದ ಕೂಡಲೇ ಪಾಠ ಶುರುವಾಗಲಿಲ್ಲ. ಕೊಡ ಹೊತ್ತು ನೀರು ತಂದರು, ಮನೆಗೆಲಸ ಮಾಡಿದರು, ಆಮೇಲೆ ವರ್ಷಗಟ್ಟಲೆ ಸ್ವರ ತಿದ್ದಿಕೊಂಡರು. 1946ರಲ್ಲಿ, ಗುರುವಿನ ಅರವತ್ತು ತುಂಬಿದ ಸಂಭ್ರಮಕ್ಕೆ ಪುಣೆಯಲ್ಲಿ ಹಾಡಿದಾಗ ಜನ ಅವರನ್ನು ಗುರುತಿಸಿದರು.

ಈಗ ನಿಮ್ಮನ್ನು ನೋಡಿ. ನಾಲ್ಕು ದಿನ ಕಲಿತ ಹಾಡು ಐದನೆಯ ದಿನ ರೀಲ್ಸ್‌ಗೆ ಏರುತ್ತದೆ. ಆಮೇಲೆ ತಾನಪುರ ಮೂಲೆ ಸೇರುತ್ತದೆ, ಲೈಕ್ ಎಣಿಸುವುದೇ ರಿಯಾಜ್ ಆಗುತ್ತದೆ. ಹಿಂಜವಡಿಯ ಆಫೀಸುಗಳಲ್ಲೂ ಇದೇ ಚಾಳಿ: ಹತ್ತು ಜನ ರಾತ್ರಿಯೆಲ್ಲ ಕೂತು ಮುಗಿಸಿದ ಕೆಲಸಕ್ಕೆ ಬೆಳಿಗ್ಗೆ ಒಬ್ಬನೇ ಎದ್ದು ನಿಂತು ಚಪ್ಪಾಳೆ ಗಿಟ್ಟಿಸುತ್ತಾನೆ. ಹಾಗೆ ಬಂದ ಹೆಸರು ಮುಂದಿನ ಕೆಲಸ ಕೈಗೆ ಬಂದಾಗಲೇ ಬಯಲಾಗುತ್ತದೆ.

ಹೆಸರು ಬಂದ ಮೇಲೆ ಜೋಶಿಯವರು ಮಾಡಿದ್ದನ್ನೂ ಗಮನಿಸಿ. 1952ರಲ್ಲಿ ಗುರು ತೀರಿಕೊಂಡರು. ಮರುವರ್ಷವೇ ಅವರ ಸ್ಮರಣೆಯಲ್ಲಿ ಪುಣೆಯಲ್ಲಿ ಸಂಗೀತೋತ್ಸವ ಆರಂಭವಾಯಿತು. ಅದನ್ನು ದಶಕಗಳ ಕಾಲ ಹೆಗಲ ಮೇಲೆ ಹೊತ್ತು ನಡೆಸಿದವರು ಈ ಶಿಷ್ಯ. ಎಳೆಯ ಕಲಾವಿದರಿಗೂ ಅಲ್ಲಿ ಜಾಗ ಸಿಕ್ಕಿತು. 2008ರಲ್ಲಿ ಭಾರತರತ್ನ ಒಲಿದು ಬಂದಾಗಲೂ ಉತ್ಸವಕ್ಕೆ ಇದ್ದದ್ದು ಗುರುವಿನ ಹೆಸರೊಂದೇ.

ಆದ್ದರಿಂದ ನನ್ನ ಮಾತು ಇಷ್ಟೇ. ದಿನಕ್ಕೆ ಒಂದು ಗಂಟೆ ಫೋನ್ ದೂರವಿಟ್ಟು, ಯಾರೂ ನೋಡದಿದ್ದರೂ ನಿಮ್ಮ ವಿದ್ಯೆಯನ್ನು ತಿದ್ದಿಕೊಳ್ಳಿ. ಜೊತೆಗೆ ದುಡಿದವರ ಹೆಸರನ್ನು ನಿಮ್ಮ ಹೆಸರಿಗಿಂತ ಮೊದಲು ಹೇಳಿ. ಕಲಿಸಿದವರು ಊರಲ್ಲಿದ್ದರೆ ಹಬ್ಬಕ್ಕೆ ಹೋದಾಗ ಕಂಡು ಬನ್ನಿ. ಇನ್ನೂ ಕಾಲ ಮಿಂಚಿಲ್ಲ. ಚಟ ಬಿಡುವ, ಹೊಸ ರೂಢಿ ಹಿಡಿಯುವ ವಯಸ್ಸು ನಿಮ್ಮದು.

ಜೋಶಿಯವರು 2011ರಲ್ಲಿ ತೀರಿಕೊಂಡ ಮೇಲೆ ಆ ಉತ್ಸವ ‘ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ’ವಾಯಿತು. ಗುರುವಿನ ಹೆಸರಿನ ಪಕ್ಕದಲ್ಲಿ ಅವರ ಹೆಸರನ್ನು ಇಟ್ಟವರು ಉಳಿದವರು, ಅವರಲ್ಲ.