ಕೇಳಿದ್ದನ್ನೇ ಕೇಳುವ ಯಜಮಾನರು: ಸಿಟ್ಟು ಬೇಡ, ಉಪಾಯ ಬೇಕು



ಗಂಗಾವತಿ ಕಡೆಯ ಒಂದು ಸಂಘದ ಸದಸ್ಯೆಯೊಬ್ಬರು ಮೂರು ವಾರ ಸಭೆಗೆ ಬರಲಿಲ್ಲ. ದಂಡ ಹಾಕಬೇಕೆಂಬ ಮಾತು ಬಂತು. ಮನೆಗೆ ಹೋಗಿ ನೋಡಿದಾಗ ವಿಷಯ ತಿಳಿಯಿತು. ಅವರ ಯಜಮಾನರು ಮುಂಜಾನೆಯಿಂದ ಸಂಜೆತನಕ "ಕಾಲುವಿಗೆ ನೀರು ಬಿಟ್ರೇನು?" ಎಂದು ಕೇಳುತ್ತಲೇ ಇದ್ದರು. ನಾವು ಕುಳಿತ ಅರ್ಧ ತಾಸಿನಲ್ಲೇ ಹತ್ತು ಸಲವಾದರೂ ಕೇಳಿದರು. "ಹೇಳಿ ಹೇಳಿ ಬಾಯಿ ಸೋತೈತ್ರಿ. ಒಮ್ಮೊಮ್ಮೆ ಬೈತೀನಿ, ಆಮ್ಯಾಲೆ ಒಬ್ಬಾಕಿನ ಕುಂತು ಅಳ್ತೀನಿ" ಎಂದರು ಆ ಅಕ್ಕ. ದಂಡದ ಮಾತು ಅಲ್ಲಿಗೇ ನಿಂತಿತು. ಈ ಪಾಠ ಅಂಥ ಅಕ್ಕಂದಿರಿಗಾಗಿ.

ಇದು ಅರಳುಮರಳಲ್ಲ, ಕಾಯಿಲೆ

"ಅರವತ್ತಕ್ಕ ಅರಳುಮರಳು" ಎಂದು ನಾವು ಸುಮ್ಮನಾಗುತ್ತೇವೆ. ಕೆಲವರು ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುತ್ತಾರೆ. ಆದರೆ ಇದು ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಇರಬಹುದು. ಮಿದುಳಿನ ಜೀವಕೋಶಗಳು ಹಾಳಾಗುವುದರಿಂದ ಇದು ಬರುತ್ತದೆ. ಇದರಲ್ಲಿ ಹೆಚ್ಚು ಕಾಣುವುದು ಅಲ್ಝೈಮರ್ ಕಾಯಿಲೆ. 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಅಲ್ಝೈಮರ್ ಇದನ್ನು ಮೊದಲು ವಿವರಿಸಿದರು. ಲಕ್ವ ಹೊಡೆದವರಿಗೆ, ಬಿಪಿ-ಸಕ್ಕರೆ ಹತೋಟಿಯಲ್ಲಿ ಇಲ್ಲದವರಿಗೆ ಮರೆವಿನ ಕಾಯಿಲೆ ಬರುವ ಸಾಧ್ಯತೆ ಹೆಚ್ಚು. ಭಾರತದಲ್ಲಿ 60 ದಾಟಿದ ನೂರು ಜನರಲ್ಲಿ ಸುಮಾರು 7 ಮಂದಿಗೆ ಈ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಅಂದರೆ ನಮ್ಮ ಓಣಿಯಲ್ಲೂ ಇರಬಹುದು.

ಅದೇ ಪ್ರಶ್ನೆ ಯಾಕೆ?

ಹಳೆಯ ನೆನಪು ಕಲ್ಲಿನ ಮೇಲಿನ ಬರಹದಂತೆ ಬಹಳ ದಿನ ಉಳಿಯುತ್ತದೆ. ಹೊಸ ಮಾತು ಮಾತ್ರ ನೀರಿನ ಮೇಲೆ ಬರೆದಂತೆ ಅಳಿಸಿಹೋಗುತ್ತದೆ. ನಮಗೆ ಅದು ಐವತ್ತನೇ ಪ್ರಶ್ನೆ, ಅವರಿಗೆ ಮೊದಲನೆಯದು. ಅವರು ನಮ್ಮನ್ನು ಕಾಡಬೇಕೆಂದು ಕೇಳುವುದಿಲ್ಲ.

ಪ್ರಶ್ನೆಯ ಹಿಂದೆ ಒಂದು ಚಿಂತೆ ಇರುತ್ತದೆ. ತುಂಗಭದ್ರಾ ಕಾಲುವೆ ನಂಬಿ ಭತ್ತ ಬೆಳೆದವರಿಗೆ ನೀರಿನ ಮಾತು ಸಣ್ಣದಲ್ಲ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ನಾವೆಲ್ಲ ಎಷ್ಟು ಸಲ ಅದೇ ಮಾತು ಕೇಳಿದೆವು! ಉತ್ತರ ನಮ್ಮ ತಲೆಯಲ್ಲಿ ನಿಂತಿತು, ಅವರ ತಲೆಯಲ್ಲಿ ನಿಲ್ಲುವುದಿಲ್ಲ. ಅಷ್ಟೇ ವ್ಯತ್ಯಾಸ.

ನಾವು ಏನು ಮಾಡಬಹುದು?

1. "ಈಗಷ್ಟೇ ಹೇಳಿದೆನಲ್ಲ" ಎನ್ನಬೇಡಿ. ವಾದದಿಂದ ಮರೆವು ಹೋಗದು, ಅಂಜಿಕೆ ಹೆಚ್ಚುತ್ತದೆ.

2. ಪ್ರಶ್ನೆಗಲ್ಲ, ಚಿಂತೆಗೆ ಉತ್ತರ ಕೊಡಿ. ಕೈ ಹಿಡಿದು "ಹೊಲ ನೋಡ್ಕೊಳ್ಳಾಕ ಮಗ ಅದಾನ, ಚಿಂತಿ ಮಾಡಬ್ಯಾಡ್ರಿ" ಎಂದು ಚಿಕ್ಕದಾಗಿ ಹೇಳಿ.

3. ಕೈಗೆ ಕೆಲಸ ಕೊಡಿ. ಶೇಂಗಾ ಸುಲಿಯುವುದು, ಕಾಳು ಹಸನು ಮಾಡುವುದು, ಬಟ್ಟೆ ಮಡಚುವುದು. ಒಂದೇ ಕೆಲಸವನ್ನು ತಿರುತಿರುಗಿ ಮಾಡಿದರೂ ನಷ್ಟವಿಲ್ಲ.

4. ಊಟ, ಸ್ನಾನ, ನಿದ್ದೆ ದಿನಾ ಅದೇ ಹೊತ್ತಿಗೆ ಇರಲಿ. ಓದು ಬರುವವರಿಗೆ ಉತ್ತರವನ್ನು ಪಾಟಿಯ ಮೇಲೆ ದೊಡ್ಡದಾಗಿ ಬರೆದಿಡಿ.

5. ಹಸಿವು, ಮೂತ್ರದ ಒತ್ತಡ, ನೋವು ಇದ್ದರೂ ಹೇಳಲು ಬಾರದೆ ಹೀಗೆ ಮಾಡಬಹುದು. ಮೊದಲು ಅದನ್ನು ನೋಡಿ.

6. ಹೊರಗೆ ಹೋಗಿ ದಾರಿ ತಪ್ಪುವವರ ಜೇಬಿನಲ್ಲಿ ಹೆಸರು, ಊರು, ಫೋನ್ ನಂಬರ್ ಬರೆದ ಚೀಟಿ ಇಡಿ. ಬೆಂಕಿ, ಕ್ರಿಮಿನಾಶಕ ದೂರವಿಡಿ.

7. ಸಿಟ್ಟು ಏರಿದಾಗ ಐದು ನಿಮಿಷ ಅಂಗಳಕ್ಕೆ ಬನ್ನಿ. ಅದು ತಪ್ಪಲ್ಲ.

ವೈದ್ಯರಿಗೆ ತೋರಿಸಿ

ಥೈರಾಯ್ಡ್ ತೊಂದರೆ, ಬಿ-12 ಕೊರತೆ, ತಲೆಗೆ ಬಿದ್ದ ಪೆಟ್ಟು, ಮನಸ್ಸಿನ ಖಿನ್ನತೆ ಇವುಗಳಿಂದಲೂ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆ ಇದೆ. ಎರಡು ಮೂರು ದಿನದಲ್ಲೇ ಒಮ್ಮೆಲೆ ಗೊಂದಲ ಹೆಚ್ಚಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಸೋಂಕು ಇರಬಹುದು. ಅಲ್ಝೈಮರ್ ಪೂರ್ತಿ ವಾಸಿಯಾಗುವುದಿಲ್ಲ, ಆದರೆ ಔಷಧದಿಂದ ಕೆಲವರಿಗೆ ಸ್ವಲ್ಪ ಅನುಕೂಲವಾಗುತ್ತದೆ. ಕುಷ್ಟಗಿ, ಯಲಬುರ್ಗಾ, ಗಂಗಾವತಿಯವರು ತಾಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನ ಕೇಳಿಕೊಳ್ಳಿ. ಕೊಪ್ಪಳದಲ್ಲಿ ಜಿಲ್ಲಾ ಆಸ್ಪತ್ರೆ ಇದೆ. ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಫೋನ್ ಮಾಡಿ ಮನಸ್ಸಿನ ಭಾರವನ್ನೂ ಹೇಳಿಕೊಳ್ಳಬಹುದು.

ಸಂಘದ ಕೆಲಸ

ಆ ಸಂಘದವರು ಈಗ ವಾರದ ಸಭೆಯನ್ನು ಆ ಅಕ್ಕನ ಕಟ್ಟೆಯ ಮೇಲೆಯೇ ನಡೆಸುತ್ತಾರೆ. ಯಜಮಾನರು ಪಕ್ಕದಲ್ಲಿ ಕುಳಿತು ಶೇಂಗಾ ಸುಲಿಯುತ್ತಾರೆ. ನಡುವೆ ನೀರಿನ ಮಾತು ಕೇಳುತ್ತಾರೆ. ಒಮ್ಮೆ ಒಬ್ಬರು, ಇನ್ನೊಮ್ಮೆ ಇನ್ನೊಬ್ಬರು ಉತ್ತರ ಹೇಳುತ್ತಾರೆ. ಕಾಯಿಲೆ ಹೋಗಿಲ್ಲ, ಅಕ್ಕನ ಹೆಗಲ ಭಾರ ಮಾತ್ರ ಹಂಚಿಹೋಗಿದೆ.

ಸಭೆಯಲ್ಲಿ ಚರ್ಚಿಸೋಣ

* ನಮ್ಮ ಊರಿನಲ್ಲಿ ಇಂಥವರನ್ನು ನೋಡಿಕೊಳ್ಳುವ ಹೆಣ್ಣುಮಕ್ಕಳು ಯಾರಿದ್ದಾರೆ?
* ಅವರು ವಾರಕ್ಕೆ ಎರಡು ತಾಸು ಹೊರಗೆ ಹೋಗಿಬರಲು ನಮ್ಮಲ್ಲಿ ಯಾರು ಅವರ ಮನೆಯಲ್ಲಿ ಕೂಡಬಲ್ಲೆವು?
* ಸಭೆಗೆ ಬಾರದವರಿಗೆ ದಂಡ ಹಾಕುವ ಮೊದಲು ಅವರ ಮನೆಗೆ ಹೋಗಿ ನೋಡುತ್ತೇವೆಯೇ?