ಪಲಂಗದಳತೆಯ ಕೌದಿ

ಹಳೆಯ ಕೌದಿಯನ್ನು ದೊಡ್ಡದು ಮಾಡಬೇಕು ಎಂದರೆ ಎಲ್ಲರೂ ಹೇಳುವುದು ಒಂದೇ ಮಾತು: "ಸುತ್ತ ಒಂದು ಹೊಸ ಪಟ್ಟಿ ಹಚ್ಚಿಬಿಡ್ರಿ, ಮುಗೀತು." ಸೋಲಾಪುರದ ನಮ್ಮ ಓಣಿಯ ಟೇಲರೂ ಹಾಗೇ ಅಂದ. ಮೈಂದರ್ಗಿಯ ನಮ್ಮ ಅತ್ತೆ ಮಾತ್ರ ಒಪ್ಪಲಿಲ್ಲ. "ಹೊಸ ಅರಬಿ ಹಚ್ಚಬ್ಯಾಡ ಯವ್ವಾ. ಅದು ಇನ್ನ ನೀರು ಕಂಡಿಲ್ಲ. ಒಗದ ಮ್ಯಾಲ ಅದೊಂದ ಕಡಿ ಜಗ್ಗತೈತಿ, ಕೌದಿ ಒಂದ ಕಡಿ ಜಗ್ಗತೈತಿ." ಆ ಮಾತು ಎಷ್ಟು ಖರೆ ಎಂಬುದು ಕೆಲಸಕ್ಕೆ ಕೂತ ಮೇಲೆ ತಿಳಿಯಿತು.

ಕೌದಿ ನೆಲದ ಹಾಸಿಗೆ. ಅತ್ತೆಯ ಊರಿರುವ ಅಕ್ಕಲಕೋಟ ತಾಲ್ಲೂಕಿನ ಹಳ್ಳಿಮನೆಗಳಲ್ಲಿ ಪಡಸಾಲೆಯಲ್ಲಿ ಬಿಡಿಸಿ ಮಲಗಲಿಕ್ಕೆ, ಚಳಿಗಾಲದಲ್ಲಿ ಅದನ್ನೇ ಹೊದೆಯಲಿಕ್ಕೆ ಹೊಲಿದದ್ದು. ನೆಲದ ಮೇಲೆ ಅದು ಎಲ್ಲಿಯೂ ಇಳಿಬೀಳಬೇಕಾಗಿಲ್ಲ. ನಮ್ಮ ಕೌದಿಯ ಅಗಲ 54 ಇಂಚು, ಉದ್ದ 78. ಸೋಲಾಪುರದ ಮನೆಯ ಪಲಂಗ 72ಕ್ಕೆ 75. ಉದ್ದ ಸಾಲುತ್ತದೆ, ಅಗಲ ಸಾಲದು. ಮೇಲೆ ಗಾದಿಯ ದಪ್ಪ ಬೇರೆ ಇದೆ. ಅದನ್ನು ಮುಚ್ಚಿ ಇನ್ನೂ ಸ್ವಲ್ಪ ಕೆಳಗಿಳಿಯಬೇಕೆಂದರೆ ಒಂದೊಂದು ಮಗ್ಗಲಿಗೆ 9 ಇಂಚು ಬಿಡಬೇಕು. ಆಗ ಬೇಕಾಗುವ ಅಗಲ 90 ಇಂಚು, ಅಂದರೆ ಎರಡೂ ಬದಿಗೆ ತಲಾ 18 ಇಂಚು ಕೂಡಿಸಬೇಕು. ತಲೆಯ ಕಡೆ ದಿಂಬು ಬರುವುದರಿಂದ ಅಲ್ಲಿ ಏನೂ ಬೇಡ. ಕಾಲಿನ ಕಡೆ 6 ಇಂಚು ಕೂಡಿಸಿದರೆ ಆಯಿತು. ನಾಲ್ಕೂ ಬದಿಗೆ ಸಮ ಪಟ್ಟಿ ಹಚ್ಚುವ ಟೇಲರನ ಲೆಕ್ಕ ಇಲ್ಲಿಗೇ ಬಿದ್ದುಹೋಯಿತು.

ಅರಿವೆಯ ಮಾತು ಬಂತು. ಸೋಲಾಪುರದಲ್ಲಿ ಚಾದರಕ್ಕೆ ಕೊರತೆಯೆ? 1877ರಲ್ಲಿ ಶುರುವಾದ ಹಳೇ ಗಿರಣಿಯಿಂದ ಹಿಡಿದು ಇಂದಿನ ಪವರ್‌ಲೂಮ್‌ಗಳವರೆಗೆ ಈ ಊರು ನೂಲನ್ನೇ ಉಂಡು ಬೆಳೆದದ್ದು. ಎರಡೂ ಮಗ್ಗಲು ಬಣ್ಣ ಅದಲುಬದಲಾಗಿ ಕಾಣುವ ಜಕಾರ್ಡ್ ಚಾದರಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಹರಿದ ಒಂದು ಚಾದರವನ್ನೇ ಒಳಪದರಾಗಿ ಹಾಕಿದರಾಯಿತು ಎಂದು ನೆರೆಮನೆಯ ವೈನಿ ಸೂಚಿಸಿದರು. ಬೇಡ. ಚಾದರದ ನೂಲು ದಪ್ಪ, ನೀರು ಕುಡಿದರೆ ಎತ್ತಲಾಗದಷ್ಟು ಭಾರ, ಸೂಜಿಯೂ ಸರಾಗ ಇಳಿಯುವುದಿಲ್ಲ. ಚಾದರ ಚಾದರವಾಗಿಯೇ ಇರಲಿ.

ಕೌದಿಗೆ ಬೇಕಾದದ್ದು ಒಗೆದು ಒಗೆದು ಮೆತ್ತಗಾದ ಹತ್ತಿಯ ಬಟ್ಟೆ. ಬಡತನಕ್ಕೆ ಹಳೆ ಸೀರೆ ಹಾಕುತ್ತಿದ್ದರು ಎಂದು ಪೇಟೆಯವರು ತಿಳಿಯುತ್ತಾರೆ. ಅದು ಅರ್ಧ ಮಾತ್ರ ನಿಜ. ಹಳೆಯ ಬಟ್ಟೆ ಕುಗ್ಗುವಷ್ಟು ಕುಗ್ಗಿರುತ್ತದೆ, ಬಿಡುವ ಬಣ್ಣ ಬಿಟ್ಟಿರುತ್ತದೆ, ಮೈಗೆ ಹಿತವಾಗಿರುತ್ತದೆ. ಅತ್ತೆಯ ಟ್ರಂಕಿನಿಂದ ಒಂಬತ್ತು ವಾರಿಯ ಒಂದು ಹತ್ತಿ ಸೀರೆ ಹೊರಬಂತು. ಪನ್ನ, ಅಂದರೆ ಅಗಲ, 45 ಇಂಚು. ಉದ್ದಕ್ಕೆ ನಡುವೆ ಸೀಳಿದರೆ ಎರಡು ಬದಿಗೆ ಎರಡು ಪಟ್ಟಿ. ಅಗಲ 22 ಇಂಚಿನ ಮೇಲೆ ಸ್ವಲ್ಪ: 18 ಕಾಣುವುದಕ್ಕೆ, 2 ಹಳೆಯ ಕೌದಿಯೊಳಗೆ ಸೇರುವುದಕ್ಕೆ, ಉಳಿದದ್ದು ಅಂಚು ಮಡಚಲಿಕ್ಕೆ ಮತ್ತು ಹೊಲಿಗೆ ಎಳೆದುಕೊಳ್ಳುವುದಕ್ಕೆ. ಕೈಹೊಲಿಗೆ ಬಟ್ಟೆಯನ್ನು ಖಂಡಿತ ಎಳೆದುಕೊಳ್ಳುತ್ತದೆ, ಅದಕ್ಕೆ ಮೊದಲೇ ಜಾಗ ಬಿಡಬೇಕು. ಒಂಬತ್ತು ವಾರಿ ಎಂದರೆ 324 ಇಂಚು. ನಾಲ್ಕು ಮಡಿಕೆ ಹಾಕಿದರೆ ಒಂದೊಂದು ಪದರು 81 ಇಂಚು. ಹಳೆಯ ಕೌದಿಗೂ ನಾಲ್ಕೇ ಪದರು! ಕಾಲಿನ ಕಡೆಗೆ ಮಾವನವರ ಹಳೆಯ ಧೋತರ ಒದಗಿತು.

ಕಷ್ಟವಿರುವುದು ಜೋಡಣೆಯಲ್ಲಿ. ಹಳೆಯ ಅಂಚಿನ ಮೇಲೆ ಹೊಸದನ್ನು ಹಾಗೇ ಇಟ್ಟು ಹೊಲಿದರೆ ಎಂಟು ಪದರಿನ ಏರಿ ಏಳುತ್ತದೆ. ಅದು ಬೀಳುವುದು ಪಲಂಗದ ಅಂಚಿಗಲ್ಲ, ಮಲಗಿದವರ ಮೈಯ ಕೆಳಗೆ. ಅತ್ತೆ ಅಂಚಿನ ಎರಡು ಮೂರು ಸಾಲು ಹೊಲಿಗೆ ಬಿಚ್ಚಿಸಿದರು. ಬಿಚ್ಚುವ ಮೊದಲು ಉಳಿಯಬೇಕಾದ ಸಾಲಿನ ಮೇಲೆ ಮರುಹೊಲಿಗೆ ಹಾಕಿಸಿದರು, ಇಲ್ಲದಿದ್ದರೆ ದಾರ ನಡುವಿನವರೆಗೂ ಸಡಿಲಾಗುತ್ತಿತ್ತು. ಆಮೇಲೆ ಪದರುಗಳನ್ನು ಬಿಡಿಸಿ ಒಂದಕ್ಕಿಂತ ಒಂದನ್ನು ಅರ್ಧ ಇಂಚು ಹಿಂದೆ ಕತ್ತರಿಸಿದರು, ಮೆಟ್ಟಿಲಿನ ಹಾಗೆ. ಹೊಸ ಪದರುಗಳನ್ನೂ ಹಾಗೇ ಕತ್ತರಿಸಿ ಒಂದರ ಸಂದಿಗೆ ಇನ್ನೊಂದನ್ನು ಕೂಡಿಸಿದರು. ದಪ್ಪ ಒಂದೇ ಕಡೆ ಕೂಡಿಕೊಳ್ಳಲಿಲ್ಲ, ಎರಡಿಂಚಿನಲ್ಲಿ ಹರಡಿಹೋಯಿತು. ಕೈಯಾಡಿಸಿದರೆ ಮಾತ್ರ ಗೊತ್ತಾಗುತ್ತದೆ.

ನೆಲಕ್ಕೆ ಬಿಡಿಸಿ, ನಾಲ್ಕು ಮೂಲೆಗೆ ನೀರು ತುಂಬಿದ ತಂಬಿಗೆ ಇಟ್ಟು, ಅಂಗೈಯಿಂದ ನಡುವಿನಿಂದ ಹೊರಗೆ ಸವರಿ ನೆರಿಗೆ ತೆಗೆದು ದೊಡ್ಡ ದೊಡ್ಡ ಟಾಕಿ ಹಾಕಿದೆವು. ದಬ್ಬಣ ತಂದಿದ್ದೆ. ಅತ್ತೆ ಅದನ್ನು ಬದಿಗಿಟ್ಟರು. ದಬ್ಬಣದ ತೂತು ದೊಡ್ಡದು, ಹಳೆಯ ಅರಿವೆ ಅಲ್ಲಿಂದಲೇ ಹರಿಯುತ್ತದಂತೆ. ಉದ್ದನೆಯ ತೆಳು ಸೂಜಿ, ದಪ್ಪ ಹತ್ತಿ ದಾರ, ಎಡಗೈ ತೋರುಬೆರಳಿಗೆ ಚಿಂದಿ ಸುತ್ತಿಕೊಂಡು ಕೂತರು. ಒಂದು ಸಲಕ್ಕೆ ನಾಲ್ಕೈದು ಟಾಕಿ ಸೂಜಿಗೆ ಏರಿಸಿ ಒಮ್ಮೆಲೇ ದಾರ ಎಳೆಯುವುದು, ಎಳೆದ ಮೇಲೆ ಉಗುರಿನಿಂದ ಬಟ್ಟೆಯನ್ನು ಹಿಂದಕ್ಕೆ ಸವರಿ ಬಿಡುವುದು. ಆ ಸವರುವುದೇ ವಿದ್ಯೆ. ಸಾಲಿಗೂ ಸಾಲಿಗೂ ನಡುವೆ ಒಂದು ಬೆರಳು. ಮೂಲ ಕೌದಿಯ ಹೊಲಿಗೆ ಅಂಚಿನಿಂದ ಸುತ್ತುತ್ತ ನಡುವಿಗೆ ಬಂದಿತ್ತು, ನಾವೂ ಹೊಸ ಅಂಚಿನಿಂದಲೇ ಮೂರು ಬದಿ ಸುತ್ತಿ ಒಳಕ್ಕೆ ಬಂದೆವು. ಸಾದಾ ಮಷೀನಿನಲ್ಲಿ ಇದಾಗುವುದಿಲ್ಲ. ಕೆಳಗಿನ ಪದರು ಮುಂದೆ ಸರಿದು ಮೇಲಿನದು ಹಿಂದೆ ಉಳಿಯುತ್ತದೆ.

ಜೋಡಣೆಯ ಗೆರೆ ಕಣ್ಣಿಗೆ ಬೀಳುತ್ತಿತ್ತು. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಕೌದಿಗಳಲ್ಲಿ ಬಣ್ಣಬಣ್ಣದ ತೇಪೆಗಳು ಎಷ್ಟು ಧೈರ್ಯವಾಗಿ ಕೂತಿರುತ್ತವೆ ಎಂಬುದು ನೆನಪಾಗಿ, ಗೆರೆಯ ಮೇಲೆ ಅಲ್ಲಲ್ಲಿ ಖಣದ ಚೌಕ ತುಂಡು ಹಚ್ಚಿದೆ. ಅತ್ತೆ "ಚಂದ ಆತ" ಎನ್ನಲಿಲ್ಲ. "ಗಟ್ಟಿ ಆತ" ಎಂದರು.

ಇಷ್ಟು ಮಾಡುವ ಮುನ್ನ ಒಂದನ್ನು ಯೋಚಿಸಿ: ಒಗೆಯುವವರು ಯಾರು? ಬೆಳೆದ ಕೌದಿ ನಮ್ಮ ವಾಷಿಂಗ್ ಮಷೀನಿಗೆ ಹಿಡಿಸುವುದಿಲ್ಲ. ಈಗ ಮಾಳಿಗೆಯ ಮೇಲೆ ತುಳಿದು ಒಗೆದು, ಇಬ್ಬರು ಹಿಡಿದು ಹಿಂಡಿ, ಸೋಲಾಪುರದ ಬಿಸಿಲಿಗೆ ಬಿಡುತ್ತೇವೆ. ಬಿಸಿಲಿಗೆ ಇಲ್ಲಿ ಬರವಿಲ್ಲ. ಕೌದಿಯ ನಡುಭಾಗವೇ ಕೈಯಿಟ್ಟರೆ ಹರಿಯುವಷ್ಟು ಜೀರ್ಣವಾಗಿದ್ದರೆ ಹಿಗ್ಗಿಸುವ ಗೋಜಿಗೆ ಹೋಗಬೇಡಿ. ಮಡಿಚಿ ಕಾಲಿನ ಕಡೆ ಹಾಸಿಕೊಳ್ಳಿ.

ಸ್ವತಃ ಹೊಲಿಯಲು ಆಗದವರು ಹಳ್ಳಿಯ ಕೌದಿ ಹೊಲಿಯುವ ಹೆಣ್ಣುಮಕ್ಕಳನ್ನು ಕೇಳಿ. ಅಳತೆ ಬರೆದುಕೊಡಿ, ಅರಿವೆ ಒಗೆದುಕೊಡಿ. ಕೂಲಿ ಕೇಳಿದಾಗ ಮಾತ್ರ "ಇಷ್ಟರಾಗ ಎರಡ ಹೊಸಾ ಚಾದರ ಬರತಾವಲ್ಲ" ಎಂದು ಚೌಕಾಸಿಗೆ ಇಳಿಯಬೇಡಿ. ಕೌದಿಗೆ ಒಬ್ಬಾಕೆ ದಿನಗಟ್ಟಲೆ ಬೆನ್ನು ಬಗ್ಗಿಸಬೇಕು. ಆ ದಿನಗಳ ಕೂಲಿ ಕೊಡಿ.