ನರ್ಸ್ ಅಕ್ಕನಿಗೆ ಎಂಥ ಸಾಫ್ಟ್‌ವೇರ್ ಬೇಕು?

ನಮ್ಮ ಕೋಗಿಲು ಬೀದಿಯಲ್ಲಿ ಒಬ್ಬ ಅಕ್ಕ ಇದ್ದಾರೆ, ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ನೈಟ್ ಡ್ಯೂಟಿ ಎಂಟಕ್ಕೆ ಮುಗಿದರೂ ಮನೆಗೆ ಬರೋದು ಹತ್ತಕ್ಕೆ. ಯಾಕಕ್ಕಾ ಅಂದರೆ, "ಕಂಪ್ಯೂಟರ್ ಬಂದ್ಮೇಲೆ ಬರೆಯೋದು ಕಡಿಮೆ ಆಗಿಲ್ಲ ಕಣೋ, ಎರಡಾಗಿದೆ. ಮೊದಲು ಕೇಸ್ ಶೀಟ್, ಆಮೇಲೆ ಸ್ಕ್ರೀನ್" ಅಂದರು. ನಾಳೆ ಇಂಥ ಸಾಫ್ಟ್‌ವೇರ್ ಬರೆಯೋರು ನಾವೇ ಅಲ್ವಾ? ಹಾಗಾಗಿ ಈ ಪಾಠ.

ಆಸ್ಪತ್ರೆಯ ಕಂಪ್ಯೂಟರ್ ಎಂದರೆ ನಮಗೆ ನೆನಪಾಗುವುದು ನೋಂದಣಿ, ಬಿಲ್ಲು, ಲ್ಯಾಬ್ ರಿಪೋರ್ಟ್. ಎನ್‌ಐಸಿಯ ಇ-ಹಾಸ್ಪಿಟಲ್ ತಂತ್ರಾಂಶ ನಮ್ಮ ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲೂ ಇದೆ. 2021ರಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಬಂದು, 14 ಅಂಕಿಯ ಆಭಾ ಸಂಖ್ಯೆಯೂ ಸಿಕ್ಕಿತು. ಆದರೆ ನರ್ಸ್ ಕೆಲಸ ಕೌಂಟರ್‌ನಲ್ಲಲ್ಲ, ಹಾಸಿಗೆಯ ಪಕ್ಕದಲ್ಲಿ. ಅಲ್ಲಿ ಬೇಕಾದದ್ದೇ ಬೇರೆ.

ಮೊದಲನೆಯದು, ಒಮ್ಮೆ ಮಾತ್ರ ಬರೆಯುವ ಸೌಲಭ್ಯ. ಆರು ಗಂಟೆಗೆ ನೋಡಿದ ಬಿಪಿಯನ್ನು ಎಂಟಕ್ಕೆ ಟೈಪ್ ಮಾಡಿದರೆ, ಡೇಟಾಬೇಸ್‌ನಲ್ಲಿ ಎಂಟು ಗಂಟೆ ಅಂತಲೇ ಕೂರುತ್ತದೆ. ಡಾಕ್ಟರ್ ಹಳೆಯ ಅಂಕಿಯನ್ನು ಹೊಸದು ಅಂದುಕೊಳ್ಳುತ್ತಾರೆ. ಆದ್ದರಿಂದ ನೋಡಿದ ಸಮಯ, ನಮೂದಿಸಿದ ಸಮಯ ಎರಡಕ್ಕೂ ಬೇರೆ ಬೇರೆ ಕಾಲಂ ಇರಲೇಬೇಕು.

ಎರಡನೆಯದು, ಲೆಕ್ಕ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ತಂದು 2017ರಲ್ಲಿ ಪರಿಷ್ಕರಿಸಿದ 'ನ್ಯೂಸ್ 2' ಎಂಬ ಅಂಕ ಪದ್ಧತಿ ನೋಡಿ. ಒಬ್ಬ ರೋಗಿಗೆ ಉಸಿರಾಟ ನಿಮಿಷಕ್ಕೆ 22 (2 ಅಂಕ), ಆಕ್ಸಿಜನ್ ಮಟ್ಟ ಶೇ. 94 (1), ನಾಡಿ 112 (2), ಮೇಲಿನ ಬಿಪಿ 108 (1), ಜ್ವರ 38.2 ಡಿಗ್ರಿ ಸೆಲ್ಸಿಯಸ್ (1). ಎಚ್ಚರವಾಗಿದ್ದಾರೆ, ಆಕ್ಸಿಜನ್ ಹಾಕಿಲ್ಲ, ಅದಕ್ಕೆ ಸೊನ್ನೆ. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಅಷ್ಟು ಗಾಬರಿ ಹುಟ್ಟಿಸಲ್ಲ. ಕೂಡಿದರೆ 7! ಈ ಪದ್ಧತಿಯಲ್ಲಿ 7 ಅಂದರೆ ತುರ್ತು ಕರೆ. ಹತ್ತಾರು ರೋಗಿಗಳ ನಡುವೆ ನಡುರಾತ್ರಿ ಈ ಕೂಡುವ ಕೆಲಸವನ್ನು ಯಂತ್ರ ಮಾಡಲಿ. ರೋಗಿಯ ಮುಖ ನೋಡುವ ಕೆಲಸ ನರ್ಸ್‌ಗಿರಲಿ.

ಮೂರನೆಯದು, ಹ್ಯಾಂಡೋವರ್. ಶಿಫ್ಟ್ ಬದಲಾಗುವಾಗ ಇಡೀ ಫೈಲ್ ಬೇಡ. ಯಾವ ಔಷಧಿ ಕೊಟ್ಟಾಯ್ತು, ಯಾವುದು ಬಾಕಿ, ಯಾವುದಕ್ಕೆ ಅಲರ್ಜಿ, ಯಾವ ರಿಪೋರ್ಟ್ ಬರಬೇಕು, ಇಷ್ಟು ಒಂದೇ ಪರದೆಯಲ್ಲಿ ಕಂಡರೆ ಸಾಕು.

ನಾಲ್ಕನೆಯದು, ಕರೆಂಟ್ ಅಥವಾ ನೆಟ್ ಹೋದರೂ ನಮೂದು ಉಳಿಯಬೇಕು. ಹಾಗೇ, ಸುಮ್ಮಸುಮ್ಮನೆ ಅಲಾರಂ ಹೊಡೆಯಬಾರದು. ದಿನವಿಡೀ ಕೂಗೋ ಅಲಾರಂ ಕೊನೆಗೆ ಯಾರ ಕಿವಿಗೂ ಬೀಳಲ್ಲ, ನಿಜವಾದ ಅಪಾಯದ ದಿನವೂ!

ಫೈನಲ್ ಇಯರ್ ಪ್ರಾಜೆಕ್ಟ್‌ಗೆ 'ಹಾಸ್ಪಿಟಲ್ ಮ್ಯಾನೇಜ್‌ಮೆಂಟ್ ಸಿಸ್ಟಮ್' ಆರಿಸಿಕೊಳ್ಳುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ. ಈ ಸಲ ಟೇಬಲ್ ಡಿಸೈನ್ ಮಾಡೋ ಮುಂಚೆ ಒಬ್ಬ ನರ್ಸ್ ಹತ್ತಿರ ಅರ್ಧ ಗಂಟೆ ಕೂತು ಕೇಳಿ: "ಅಕ್ಕಾ, ನೀವು ಒಂದೇ ವಿಷಯವನ್ನು ಎಲ್ಲೆಲ್ಲಿ ಎರಡು ಸಲ ಬರೀತೀರಿ?" ಪ್ರಾಜೆಕ್ಟ್ ಅಲ್ಲಿಂದಲೇ ಶುರುವಾಗಲಿ.